ಒಂದೂವರೆ ನಿಮಿಷದ ಮೌನ

ಹೋದ ಡಿಸೆಂಬರಿನ ಒಂದು ಶುಕ್ರವಾರ, ಸಂಜೆ ಐದೂ ಹತ್ತಕ್ಕೆ, ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನಮ್ಮ ಬ್ಯಾಂಕಿನ ಮೇಲ್ಮಹಡಿಯಲ್ಲಿ, ಕೇರಂ ಬೋರ್ಡಿಗೂ ನೀರಿನ ಕ್ಯಾನಿಗೂ ನಡುವೆ ನಾನು ನಿಂತಿದ್ದೆ. ಬಾಯಲ್ಲಿ ರೆಫರಿಯ ಸೀಟಿ ಇತ್ತು. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಉಳಿದದ್ದಕ್ಕೆ ಸಾಕ್ಷಿ ಬೇಕು.

ತುಮಕೂರಿನಿಂದ ವರ್ಗವಾಗಿ ಬಂದ ನನಗೆ ಫುಟ್‌ಬಾಲಿನ ಬಗ್ಗೆ ಗೊತ್ತಿದ್ದದ್ದು ಅದು ದುಂಡಗಿರುತ್ತದೆ ಎಂಬುದಷ್ಟೇ. ಆದರೂ ನನ್ನನ್ನು ಬ್ಯಾಂಕಿನ ಕ್ರೀಡಾ ಸಮಿತಿಗೆ ಕಾರ್ಯದರ್ಶಿ ಮಾಡಿದರು. ಬೇಡ ಎನ್ನಲು ಬೇಕಾದಷ್ಟು ತೆಲುಗು ನನ್ನಲ್ಲಿರಲಿಲ್ಲ. ನನಗಿಂತ ಮೊದಲು ಬಹಳ ವರ್ಷ ಆ ಕುರ್ಚಿಯಲ್ಲಿದ್ದವರು ಅಪ್ಪಲಸ್ವಾಮಿಗಾರು. ಹರೆಯದಲ್ಲಿ ವಿಶಾಖಪಟ್ಟಣದ ಮೈದಾನಗಳಲ್ಲಿ ಹೆಸರು ಮಾಡಿದ ಆಟಗಾರ. ತಾಯಿ ಬಳ್ಳಾರಿಯವರಾದ್ದರಿಂದ ನನ್ನೊಡನೆ ಕನ್ನಡದಲ್ಲೇ ಮಾತು, ಕೊನೆಗೊಂದು ತೆಲುಗಿನ ಮರ್ಯಾದೆಯ 'ಅಂಡಿ' ಸೇರಿಸಿ. "ಜರ್ಮನಿಯಲ್ಲಿ ಫುಟ್‌ಬಾಲು ಶುರುವಾದ ಕಾಲದಲ್ಲಿ ಆಡಿದವರೇ ಸಂಘ ನಡೆಸಿದರಂಡಿ. ಬೂಟು ಬಿಚ್ಚಿದ ಕೈಯಲ್ಲೇ ರಿಜಿಸ್ಟರು ಹಿಡಿದರು. ನೀವು ಬೂಟೇ ಹಾಕಲಿಲ್ಲ," ಎಂದು ಚುಚ್ಚುವರು. ಹಳೆಯ ಆಟಗಾರ ಯಾರೇ ತೀರಿಕೊಂಡರೂ ಎರಡು ನಿಮಿಷ ಮೌನ, ಶುರುವಿಗೊಂದು, ಮುಗಿಸಲೊಂದು ಸೀಟಿ ಎಂಬ ನಿಯಮ ಮಾಡಿದವರೂ ಅವರೇ.

ಪಿಂಚಣಿದಾರರು ಬದುಕಿದ್ದೇವೆಂದು ನವೆಂಬರಿನಲ್ಲಿ ಕೊಡುವ ಲೈಫ್ ಸರ್ಟಿಫಿಕೇಟು, ನಿವೃತ್ತರಾಗಿದ್ದ ಅಪ್ಪಲಸ್ವಾಮಿಗಾರಿಂದ ಬರಲಿಲ್ಲ. ಭವಾನಿಪುರಂನ ಮನೆಗೆ ಬೀಗ. ಫೋನು ಸ್ವಿಚ್ ಆಫ್. ಬ್ಯಾಂಕಿನವನ ಬುದ್ಧಿ ನೋಡಿ: ಬದುಕಿದ್ದಕ್ಕೆ ಕಾಗದವಿಲ್ಲ, ಆದ್ದರಿಂದ ಬದುಕಿಲ್ಲ ಎಂದು ತೀರ್ಮಾನಿಸಿದೆ. ಆ ಶುಕ್ರವಾರ ಸಿಬ್ಬಂದಿಯನ್ನು ಸೇರಿಸಿ, ಜರ್ಸಿ ತೊಟ್ಟ ಅವರ ಹಳೆಯ ಫೋಟೊ ಮೇಜಿನ ಮೇಲಿಟ್ಟು, ನಾನೇ ಹಾರ ಹಾಕಿ ಸೀಟಿ ಊದಿದೆ.

ಮೌನದ ನಡುವೆ ಬಾಗಿಲು ತೆರೆದು ಅಪ್ಪಲಸ್ವಾಮಿಗಾರು ಬಂದರು. ಎಲ್ಲರೂ ನಿಂತಿರುವುದನ್ನು ಕಂಡು, ಚಪ್ಪಲಿ ಬಿಟ್ಟು, ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ನಿಂತರು. ನನ್ನ ಬಾಯಲ್ಲಿದ್ದ ಸೀಟಿ ತಾನೇ ಕೂಗಿಕೊಂಡಿತು.

"ಎವರು ಪೋಯಾರಮ್ಮಾ?" ಯಾರು ತೀರಿಕೊಂಡರೆಂದು ಪಕ್ಕದಲ್ಲಿದ್ದ ಕ್ಯಾಷಿಯರ್ ಪದ್ಮಜಾರನ್ನು ಕೇಳಿದರು. ಪದ್ಮಜಾ ಮೇಜಿನತ್ತ ನೋಡಿದರು. ಅಪ್ಪಲಸ್ವಾಮಿಗಾರೂ ತಮ್ಮ ಫೋಟೊ ನೋಡಿದರು.

"ವಿಶಾಖದಲ್ಲಿ ಮಗಳ ಮನೆಯಲ್ಲಿ ಜ್ವರ ಬಂದು ಮಲಗಿದ್ದೆನಂಡಿ. ಮಗಳನ್ನು ಒಂದು ಮಾತು ಕೇಳಬಾರದಿತ್ತಾ?" ಎಂದರು ನನಗೆ. ಆಮೇಲೆ ಕೈಗಡಿಯಾರ ನೋಡಿಕೊಂಡರು. "ಒಂದೂವರೆ ನಿಮಿಷಕ್ಕೇ ಊದಿದಿರಿ. ಬೇರೆ ಯಾರಿಗೂ ಹೀಗೆ ಕಡಿಮೆ ಮಾಡಬೇಡಿ."



ಫೆಬ್ರವರಿಯಲ್ಲಿ ಅವರು ನಿಜಕ್ಕೂ ಹೋದರು. ವಿಶಾಖಪಟ್ಟಣಕ್ಕೆ ಹೋಗಿ, ಕಣ್ಣಾರೆ ಕಂಡು ಬಂದು ಸಮಿತಿಗೆ ತಿಳಿಸಿದೆ. ಒಬ್ಬರೂ ಕುರ್ಚಿಯಿಂದ ಏಳಲಿಲ್ಲ. "ಕನ್ಫರ್ಮಾ ಸಾರ್?" ಎಂದರು ಪದ್ಮಜಾ. ಅಪ್ಪಲಸ್ವಾಮಿಗಾರ ಮಗಳಿಗೆ ಫೋನು ಮಾಡಿ ಕೇಳಿದ ಮೇಲೆ ಎಲ್ಲರೂ ಎದ್ದರು. ಸೀಟಿಯನ್ನು ನನ್ನ ಕೈಗೆ ಕೊಡಲಿಲ್ಲ.

ಡಿಸೆಂಬರಿನ ಆ ಶುಕ್ರವಾರ ಅವರನ್ನು ಬಾಗಿಲಲ್ಲಿ ಕಂಡವರ ಪೈಕಿ ಪದ್ಮಜಾ, ಅಟೆಂಡರ್ ಕೋಟೇಶ್ವರರಾವ್, ಸಾಲ ವಿಭಾಗದ ರಮಣಮೂರ್ತಿ ಈಗಲೂ ಬದುಕಿದ್ದಾರೆ. ಇಂದು ಬೆಳಿಗ್ಗೆ ಮೂವರಿಗೂ ಫೋನು ಮಾಡಿ, ಅವರ ಬಾಯಿಂದಲೇ ಕೇಳಿಕೊಂಡು ಈ ಸಾಲು ಬರೆದಿದ್ದೇನೆ.