ದೊರೆಯ ಮೊಮ್ಮಗನಿಗೆ ಸನ್ಮಾನ

ಕಜೆಟನ್ ಡಿಸಿಲ್ವ ಮಾಡಿದ ತಪ್ಪು ಇಷ್ಟೇ. ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಲಿಫ್ಟಿನಲ್ಲಿ ಬಾಯಿಬಿಟ್ಟ.

ಕುವೈತಿನ ಸಾಲ್ಮಿಯಾದ ಆ ಕಟ್ಟಡದ ಲಿಫ್ಟು ಆರನೇ ಮಹಡಿಯಿಂದ ಕೆಳಗೆ ಮುಟ್ಟುವಷ್ಟರಲ್ಲಿ ಒಂದು ಮದುವೆಯ ಮಾತುಕತೆ ಮುಗಿಸಿಬಿಡಬಹುದು. ಜೊತೆಗಿದ್ದವನು ಎದುರು ಮನೆಯ ಸುಕುಮಾರ ಶೆಟ್ಟಿ. ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ, ಕನ್ನಡ ಬಳಗದ ಕಾರ್ಯದರ್ಶಿ, ಅವರಿವರ ಮನೆಯ ವಿಷಯ ಅವರಿಗಿಂತ ಮೊದಲು ತಿಳಿಯುವ ಮನುಷ್ಯ.

"ಎಂತ ಪೊರ್ಬುಗಳೇ, ಮುಖ ಬಾಡಿದ ಬಸಳೆಯ ಹಾಗೆ ಆಗಿದೆ?"

"ಇಕಾಮಾ ಮುಗಿಯುತ್ತಾ ಉಂಟು ಮಾರಾಯ. ಗೋಡೌನಿಗೆ ಇನ್ನು ಒಬ್ಬನೇ ಸಾಕಂತೆ. ನಾನಾ, ಸಿರಾಜಾ ಅಂತ ಕಫೀಲ್ ಆದಿತ್ಯವಾರ ಹೇಳ್ತಾರೆ. ಇಕಾಮಾ ಇಲ್ಲದಿದ್ರೆ ಗಂಟುಮೂಟೆ ಕಟ್ಟಿ ಹೊರಡ್ಲೇಬೇಕಲ್ಲ. ಈ ಐವತ್ತೆರಡರಲ್ಲಿ ನನಗೆ ಯಾರು ಕೆಲಸ ಕೊಡ್ತಾರೆ?"

ವೀಸಾ ಕೊಟ್ಟು ಕರೆಸಿಕೊಂಡ ಆ ಕಫೀಲನ ಮಿರ್ಕಾಬಿನ ಗೋಡೌನಿನಲ್ಲಿ ನಲ್ಲಿ, ಪೈಪುಗಳ ಲೆಕ್ಕ ಬರೆಯುತ್ತ ಕಜೆಟನ್ ಇಪ್ಪತ್ತೆರಡು ವರ್ಷ ಕಳೆದಿದ್ದ. ಬೇರೆ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಸುಕುಮಾರ ಅವನ ಕಣ್ಣನ್ನೇ ನೋಡಿದ. "ಅಲ್ಲ ಮಾರಾಯ್ರೆ, ನಿಮ್ಮದು ಬೆಕ್ಕಿನ ಕಣ್ಣು. ಅಜ್ಜ ಬಿಳಿ ದೊರೆ ಅಂತ ಒಮ್ಮೆ ಹೇಳಿದ್ರಲ್ಲ?"

"ಅಮ್ಮನ ಅಪ್ಪ. ಆರ್ಥರ್ ಪಿಂಡರ್. ಮಂಗಳೂರಲ್ಲಿ ಹಂಚಿನ ಕಾರ್ಖಾನೆಯ ಇಂಜಿನ್ ನೋಡಿಕೊಳ್ತಿದ್ರಂತೆ. ಅಮ್ಮ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡ್ರು."

"ಮತ್ತೆ ಎಂತ ಹೆದರಿಕೆ! ಅಜ್ಜ ಬ್ರಿಟನ್ನಲ್ಲಿ ಹುಟ್ಟಿದ್ದು ಅಂತ ಒಂದು ದಾಖಲೆ ತೋರಿಸಿದ್ರೆ ಮೊಮ್ಮಗನಿಗೆ ಅಲ್ಲಿ ಕೆಲಸ ಮಾಡುವ ವೀಸಾ ಕೊಡ್ತಾರೆ. ಖಲಾಸ್! ಆದ್ರೆ ಯಾರಿಗೂ ಹೇಳ್ಬೇಡಿ. ಕಣ್ಣು ತಾಗ್ತದೆ."

ಕಜೆಟನ್ ಯಾರಿಗೂ ಹೇಳಲಿಲ್ಲ. ಹೇಳುವ ಕೆಲಸವನ್ನು ಸುಕುಮಾರ ನೋಡಿಕೊಂಡ.

ಬಸ್ಸಿನಲ್ಲಿ ಕೂತು ಕಜೆಟನ್ ಊರಿನ ತಮ್ಮ ವಿಲ್ಫ್ರೆಡ್‌ಗೆ ಫೋನು ಮಾಡಿದ. ಅಜ್ಜ ಅಜ್ಜಿಯ ಮದುವೆಯಾದ ಇಗರ್ಜಿಯ ಪುಸ್ತಕದಲ್ಲಿ ಹುಟ್ಟೂರು ಇದ್ದೇ ಇರಬೇಕು. "ಈಗಲೇ ಹೋಗಿ ನೋಡು, ನನ್ನ ಅನ್ನದ ಪ್ರಶ್ನೆ" ಎಂದ. ಹತ್ತೂವರೆಗೆ ವಿಲ್ಫ್ರೆಡ್‌ನ ಫೋನು ಬಂತು.

"ಸಿಕ್ಕಿತು! ಯಾವ ದೇಶದ ಪ್ರಜೆ ಅಂತ ಇರುವಲ್ಲಿ ಬ್ರಿಟಿಷ್ ಅಂತಲೇ ಉಂಟು."

"ಬ್ರಿಟಿಷ್!" ಎಂದು ಕಜೆಟನ್ ಕೂಗಿದ ರಭಸಕ್ಕೆ ಏಣಿಯ ಮೇಲಿದ್ದ ಸಿರಾಜನ ಕೈಯಿಂದ ನಲ್ಲಿಯ ಪೆಟ್ಟಿಗೆ ಕೆಳಗೆ ಬಿತ್ತು.

"ಹುಟ್ಟಿದ ಊರು?"

"ಅದು ಲ್ಯಾಟಿನ್. ಬರೆದ ಪಾದ್ರಿಯ ಅಕ್ಷರ ಶಾಯಿಗೆ ಬಿದ್ದ ಇರುವೆ ಎದ್ದು ಓಡಿದ ಹಾಗೆ ಉಂಟು. ಈಗಿನ ಫಾದರಿಗೆ ಓದ್ಲಿಕ್ಕೆ ಬರುವುದಿಲ್ಲ. ಹಳೆಯ ಫಾದರೊಬ್ಬರು ಇದ್ದಾರೆ, ಅವರು ಮಧ್ಯಾಹ್ನದ ನಿದ್ದೆ ಮುಗಿಸಿ ಬರಬೇಕು."

ಫೋನು ಇಡುವಷ್ಟರಲ್ಲಿ ಸಿರಾಜ್ ಏಣಿಯಿಂದ ಇಳಿದು ಬಂದು ಅವನನ್ನು ಅಪ್ಪಿಕೊಂಡಿದ್ದ. ಉಳ್ಳಾಲದ ಹುಡುಗ, ಮೂರು ಮಕ್ಕಳ ತಂದೆ, ಒಂದು ತಿಂಗಳಿಂದ ಅವನಿಗೂ ನಿದ್ದೆ ಇರಲಿಲ್ಲ.

"ಕಜೆಟನ್ ಭಾಯಿ, ಎದುರು ಮನೆಯ ಶೆಟ್ರು ಬೆಳಿಗ್ಗೆಯೇ ಮೆಸೇಜು ಹಾಕಿದ್ರು, ನಾನು ನಂಬಲಿಲ್ಲ. ನಿಮಗೆ ಲಂಡನ್ನು ಸಿಕ್ಕಿತಾ! ಅಲ್ಲಾಹು ನಿಮ್ಮನ್ನು ಚೆನ್ನಾಗಿಡಲಿ!"

"ಇನ್ನೂ ಎಂತದೂ ಆಗಿಲ್ಲ ಮಾರಾಯ, ಸುಮ್ಮನಿರು."

ಸಿರಾಜ್ ಕಣ್ಣೊರೆಸಿಕೊಂಡು ಆಫೀಸು, ಬಾತ್‌ರೂಮು ಇದ್ದ ಮೇಲಿನ ಮಹಡಿಗೆ ಹೋದ. ಮುಖ ತೊಳೆಯಲಿಕ್ಕಿರಬೇಕು ಎಂದುಕೊಂಡ ಕಜೆಟನ್.

ಗುರುವಾರ ಅರ್ಧ ದಿನ. ಒಂದೂವರೆಗೆ ಮನೆ ಬಾಗಿಲು ತೆರೆದರೆ ಸೋಫಾದ ಮೇಲೆ ಮೊಟ್ಟೆಗಳು, ಟಿವಿಯ ಮೇಲೆ ಮೊಸರು, ಬಾಲ್ದಿಯಲ್ಲಿ ಮಂಜುಗಡ್ಡೆಯ ನಡುವೆ ಬಂಗುಡೆ.

"ಫ್ರಿಡ್ಜ್ ಎಲ್ಲಿ?"

"ಶೆಟ್ರ ಹೆಂಡತಿ ಆಶಾಲತಾ ತೆಗೆದುಕೊಂಡು ಹೋದಳು" ಎಂದಳು ಹೆಂಡತಿ ಇನೆಜ್. "ಹೋಗುವವರ ಸಾಮಾನು ಎದುರು ಮನೆಗೆ ಮೊದಲು ಅಂತೆ, ಇಲ್ಲಿಯ ಪದ್ಧತಿ ಅಂತೆ. ಅವರ ಅಡುಗೆಮನೆಗೆ ಹಿಡಿಯುತ್ತದಾ ನೋಡ್ತೇನೆ ಅಂತ ಹೇಳಿದ್ದಳು. ಹಿಡಿಯಿತು."

"ನೀನು ಕೊಟ್ಟದ್ದು ಯಾಕೆ?"

"ನೀವು ಲಂಡನ್ನಿಗೆ ಹೋಗುವುದು ನನಗೆ ಆಶಾಲತಾಳಿಂದ ಗೊತ್ತಾಗಬೇಕಾ? ಆ ಸಿಟ್ಟಿಗೆ ಕೊಟ್ಟೆ."

ಅಷ್ಟರಲ್ಲಿ ಕಟ್ಟಡದ ಕಾವಲುಗಾರ ಮಿಸ್ರಿ ಒಂದು ಹೊಸ ಸಂಸಾರವನ್ನು ಕರೆತಂದು ಬಾತ್‌ರೂಮಿನ ನಲ್ಲಿ ತಿರುಗಿಸಿ ತೋರಿಸತೊಡಗಿದ. ಮೂರನೇ ಮಹಡಿಯವರು ಮಂಚ ಅಳೆದರು. ಅಹ್ಮದಿಯಿಂದ ಯಾರೋ ಫೋನು ಮಾಡಿ ಟಿವಿ ಕೇಳಿದರು. ಸುಕುಮಾರನ ಮಗಳು ಅನ್ವಿತಾ ಬಾಗಿಲಲ್ಲಿ ನಿಂತು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಅಂಕಲ್, ಆರ್ ಯು ರಿಯಲಿ ವೈಟ್?" ಎಂದಳು.

"ಒಳಗಿನಿಂದ ಸ್ವಲ್ಪ, ಮಗಾ" ಎಂದ ಕಜೆಟನ್.

ನಾಲ್ಕು ಗಂಟೆಗೆ ಸುಕುಮಾರನೇ ಬಂದ. ಅವನ ಮುಖದಲ್ಲಿ ಮದುವೆಮನೆಯ ಅವಸರ.

"ಪೊರ್ಬುಗಳೇ, ಒಂದು ಉಪಕಾರ ಆಗಬೇಕು. ಇವತ್ತು ಸಂಜೆ ಬಳಗದ ಕಾರ್ಯಕ್ರಮ. ಸನ್ಮಾನಕ್ಕೆ ಊರಿನಿಂದ ಬರಬೇಕಿದ್ದ ಸಾಹಿತಿಗಳಿಗೆ ವೀಸಾ ಸಿಗಲಿಲ್ಲ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ತಂದಾಗಿದೆ. ಇನ್ನು ತಲೆ ಒಂದು ಬೇಕು."

"ನನಗ್ಯಾಕೆ ಸನ್ಮಾನ?"

"ಲಂಡನ್ನಿಗೆ ಹೋಗುವವರಿಗೆ ಬೀಳ್ಕೊಡುಗೆ ಮಾಡದಿದ್ರೆ ಬಳಗಕ್ಕೇ ಮರ್ಯಾದೆ ಇಲ್ಲ. ಮುಖ್ಯ ಅತಿಥಿಯನ್ನೂ ಸಿರಾಜ್ ಒಪ್ಪಿಸಿದ್ದಾನೆ. ನಿಮ್ಮ ಕಫೀಲ್ ಅಬು ಫಾಹದ್!"

ಬೇಡ ಎನ್ನಲು ಕಜೆಟನ್ ಬಾಯಿ ತೆರೆದ. ಇನೆಜ್ ಆಗಲೇ ರೇಷ್ಮೆ ಸೀರೆ ತೆಗೆದಿಟ್ಟಿದ್ದಳು.

ಸಂಜೆ ಆರೂವರೆ. ಶಾಲೆಯೊಂದರ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಕಜೆಟನನ ತಲೆಗೆ ಪೇಟ ಕಟ್ಟುತ್ತಿರುವಾಗ ಜೇಬಿನಲ್ಲಿ ಫೋನು ಅಲುಗಿತು.

"ಹಳೆಯ ಫಾದರು ಓದಿದರು" ಎಂದ ವಿಲ್ಫ್ರೆಡ್. "ಹುಟ್ಟಿದ್ದು ಸಾವಿರದ ಒಂಬೈನೂರ ಒಂಬತ್ತು. ಊರು ಕುವೈತ್."

"ಎಲ್ಲಿ?"

"ಕುವೈತ್. ನೀನಿರುವ ಕುವೈತೇ ಮಾರಾಯ, ಪರ್ಷಿಯಾದ ಕೊಲ್ಲಿ ಅಂತ ಕೂಡ ಬರೆದಿದ್ದಾರೆ. ಅವರ ಅಪ್ಪ ಅಲ್ಲಿ ಬ್ರಿಟಿಷರ ಉಗಿದೋಣಿಯ ಇಂಜಿನ್ ಡ್ರೈವರಂತೆ."

"ಬ್ರಿಟಿಷ್ ಅಂತ ಹೇಳಿದ್ದಿಯಲ್ಲ?"

"ಬ್ರಿಟಿಷರೇ. ಹುಟ್ಟಿದ್ದು ಮಾತ್ರ ಅಲ್ಲಿ. ಅಪ್ಪನ ಹಿಂದೆ ಅಲ್ಲಿಂದ ನೇರ ಮಂಗಳೂರಿಗೆ ಬಂದವರಂತೆ. ಇಂಗ್ಲೆಂಡ್ ಅವರು ಕಣ್ಣಲ್ಲೂ ನೋಡಿರಲಿಕ್ಕಿಲ್ಲ."

ಪೇಟ ಕಟ್ಟುವವನು ಗಂಟು ಬಿಗಿದ. ಕಜೆಟನ್ ಫೋನು ಜೇಬಿಗೆ ಹಾಕಿದ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ: ಹೋಗಲಿ, ಕಫೀಲ್ ನಿರ್ಧಾರ ಹೇಳುವುದು ಆದಿತ್ಯವಾರ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕೈ ಹಿಡಿದು ಕೇಳಿದರಾಯಿತು. ಇವತ್ತಿನ ಮಟ್ಟಿಗೆ ಬಾಯಿ ಮುಚ್ಚಿ ಕೂತರೆ ಸಾಕು.

ಶಾಲು ಹೊದೆಸಿದರು, ಹಾರ ಹಾಕಿದರು, ಬುಟ್ಟಿಯನ್ನು ಮಡಿಲಲ್ಲಿಟ್ಟರು. ಕಜೆಟನ್ ಹಬ್ಬದ ದಿನದ ಬಸವನ ಹಾಗೆ ಕೂತಿದ್ದ. ಅಬು ಫಾಹದ್ ಮೈಕಿನ ಮುಂದೆ ಬಂದ. ಹಳೆಯ ಕಾಲದ ವ್ಯಾಪಾರಿ, ಎಳವೆಯಲ್ಲಿ ಮುಂಬಯಿ ನೋಡಿದವನು, ಅಲ್ಲಿಯ ಹಿಂದಿಯಲ್ಲೇ ಮಾತು ಶುರುಮಾಡಿದ.

"ಈ ಕಜೆಟನ್ ನನ್ನ ಹತ್ತಿರ ಇಪ್ಪತ್ತೆರಡು ವರ್ಷ ಇದ್ದ. ಇವನನ್ನು ಬಿಡಲು ನನಗೆ ಮನಸ್ಸೇ ಇರಲಿಲ್ಲ. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ಇವನ ಇಕಾಮಾದ ಕಾಗದಕ್ಕೆ ಸಹಿ ಹಾಕಿದ್ದೆ."

ಕಜೆಟನನ ಬುಟ್ಟಿಯಿಂದ ಒಂದು ಸೇಬು ಉರುಳಿತು.

"ಹನ್ನೊಂದು ಗಂಟೆಗೆ ಸಿರಾಜ್ ಬಂದು ಅಳುತ್ತಾ ಹೇಳಿದ, ಕಜೆಟನ್‌ಗೆ ಲಂಡನ್ನು ಸಿಕ್ಕಿತು ಅಂತ. ಯಲ್ಲಾ, ಆ ಕಾಗದ ಹರಿದೆ, ಸಿರಾಜನದಕ್ಕೆ ಸಹಿ ಹಾಕಿ ಆಳನ್ನು ಸರ್ಕಾರಿ ಆಫೀಸಿಗೆ ಓಡಿಸಿದೆ. ಮಧ್ಯಾಹ್ನದೊಳಗೆ ಮುದ್ರೆಯೂ ಬಿತ್ತು. ಅಲ್ಲಾಹು ಒಂದೇ ದಿನ ಎರಡು ಮನೆಗೆ ಅನ್ನ ಕೊಟ್ಟ!"

ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಮೂರನೇ ಸಾಲಿನಲ್ಲಿ ಸಿರಾಜ್ ಎದ್ದುನಿಂತು ಎರಡೂ ಕೈ ಎದೆಗಿಟ್ಟುಕೊಂಡ. ಸುಕುಮಾರ ಮೈಕನ್ನು ಕಜೆಟನನ ಬಾಯಿಗೆ ಹಿಡಿದು, "ಸನ್ಮಾನಿತರಿಂದ ಎರಡು ಮಾತು" ಎಂದ.

ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಕಜೆಟನ್ ಎದ್ದು ನಿಂತ.

"ನಮ್ಮಜ್ಜ ಹುಟ್ಟಿದ್ದು ಲಂಡನ್ನಲ್ಲಿ ಅಲ್ಲ. ಇಲ್ಲಿ. ಈ ಕುವೈತಿನಲ್ಲಿ. ದಯಮಾಡಿ ನನ್ನನ್ನು ಕಳಿಸಬೇಡಿ. ಇದನ್ನು ಬಿಟ್ಟು ನನಗೆ ಬೇರೆ ಊರೇ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

"ಕೇಳಿದಿರಾ!" ಸುಕುಮಾರ ಮೈಕು ಎಳೆದುಕೊಂಡ. "ಲಂಡನ್ನಿಗೆ ಹೊರಟು ನಿಂತವರು ಕುವೈತನ್ನು ಅಜ್ಜ ಹುಟ್ಟಿದ ಮಣ್ಣು ಅಂದರು! ಹೃದಯ ಅಂದ್ರೆ ಇದು!"

ಅದನ್ನೇ ಅವನು ಹಿಂದಿಯಲ್ಲಿ ಅಬು ಫಾಹದ್‌ಗೆ ಹೇಳಿದ. ಮುದುಕ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, ಕಜೆಟನನ ಎರಡೂ ಕೆನ್ನೆಗೆ ಮುತ್ತಿಟ್ಟು ಮೈಕಿನಲ್ಲಿ ಘೋಷಿಸಿದ: "ಇಂಥ ಮನುಷ್ಯನನ್ನು ಕಾಯಿಸುವುದು ಪಾಪ. ಅವನ ವಿಮಾನದ ಟಿಕೆಟ್ ನನ್ನದು. ಈ ವಾರವೇ ಹೊರಡಲಿ!"

ಮುಂದಿನ ಸಾಲಿನಲ್ಲಿ ಇನೆಜ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ತನ್ನ ಗಂಡನಿಗೆ ಇಷ್ಟು ಚಂದ ಭಾಷಣ ಮಾಡಲು ಬರುತ್ತದೆಂದು ಇಪ್ಪತ್ತೈದು ವರ್ಷದಲ್ಲಿ ಅವಳಿಗೆ ಗೊತ್ತೇ ಇರಲಿಲ್ಲ.