ಹೋಳಿಗೆ ಕ್ವೆರಿಯನ್ನು ಒಂದೇ ಸಾಲಿಗೆ ತಂದದ್ದು

ನನ್ನ ಹೆಂಡತಿ ಸುಮಂಗಲಾ ವಿದ್ಯಾನಗರದ ನಮ್ಮ ಮನೆಯಲ್ಲೇ ರೊಟ್ಟಿ, ಹೋಳಿಗೆ ಮಾಡಿ ಮಾರುತ್ತಾಳೆ. ತಿನಿಸು ಸಿದ್ಧವಾಗಿದೆ ಎಂದು ಗ್ರಾಹಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಅವಳ ಗಂಟಲು ಕಟ್ಟಿತ್ತು. ಸಾಫ್ಟ್‌ವೇರ್ ಇಂಜಿನಿಯರ್ ಗಂಡ ಮನೆಯಲ್ಲಿದ್ದೂ ಇಂಥ ಅನ್ಯಾಯವೇ!

"ಹೋಳಿಗಿ ಹೇಳಿದವರಿಗಷ್ಟ ಮೆಸೇಜ್ ಹೋಗೂ ಹಂಗ ಮಾಡ್ತೇನಿ. ನೀ ಸುಮ್ನ ನೋಡು" ಎಂದೆ.

"ನಾಳೆ ಹೋಳಿ ಹುಣ್ಣಿವಿ ಐತ್ರಿ. ಎಡವಟ್ಟ ಮಾಡಬ್ಯಾಡ್ರಿ."

ಗ್ರಾಹಕರ ಹೆಸರುಗಳೆಲ್ಲ ಡೇಟಾಬೇಸಿನಲ್ಲಿದ್ದವು. ಹೋಳಿಗೆ ಬೇಕೆಂದು ಹೇಳಿದವರನ್ನು ಮಾತ್ರ ಆರಿಸುವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆದೆ. ಸರಿಯಾದ ಹೆಸರುಗಳೇ ಬಂದವು. ಇನ್ನು ಅದನ್ನು ಉದ್ಧರಣ ಚಿಹ್ನೆಗಳೊಳಗೆ ಕಟ್ಟಿ, ಒಂದೇ ಉದ್ದ ಸಾಲು ಮಾಡಿ, ಪ್ರೋಗ್ರಾಮಿನಲ್ಲಿ ಕೂರಿಸುವುದಷ್ಟೇ ಬಾಕಿ. ಚಹಾ ಆರುವುದರೊಳಗೆ ಮುಗಿಯುವ ಕೆಲಸ!

ಸಾಲುಗಳನ್ನು ಜೋಡಿಸಿದೆ. ನಡುವೆ ಜಾಗವಿಲ್ಲದೆ ಪದಗಳು ಒಂದಕ್ಕೊಂದು ಅಂಟಿಕೊಂಡವು. ಕಂಪ್ಯೂಟರ್ ಕೆಂಪಕ್ಷರದಲ್ಲಿ ಬೈದಿತು. ಜಾಗ ಬಿಟ್ಟೆ. ಒಳಗಿನ ಉದ್ಧರಣ ಚಿಹ್ನೆ ಹೊರಗಿನದರ ಜೊತೆ ಜಗಳಕ್ಕೆ ನಿಂತಿತು. ಅದನ್ನೂ ಬಿಡಿಸಿದೆ. ಕಡೆಗೆ ಪ್ರೋಗ್ರಾಮ್ ತುಟಿಪಿಟಕ್ಕೆನ್ನದೆ ಓಡಿತು. "ನಿಮ್ಮ ಹೋಳಿಗೆ ಸಿದ್ಧ, ಬಂದು ಒಯ್ಯಿರಿ" ಎಂಬ ಸಂದೇಶ ಹೊರಟಿತು.

ಎಲ್ಲರಿಗೂ ಹೊರಟಿತು!

ಉಣಕಲ್ಲಿನವರು ಬಂದರು, ಧಾರವಾಡದವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲ. ಎಂದೋ ಒಮ್ಮೆ ರೊಟ್ಟಿ ಒಯ್ದಿದ್ದ ಗರಗದ ಕಾಕಾ ಒಬ್ಬರು ಡಬ್ಬಿ ಹಿಡಿದೇ ಬಸ್ಸಿಳಿದಿದ್ದರು.

"ನಾ ಹೋಳಿಗಿ ಹೇಳೇ ಇಲ್ಲ ನೋಡವಾ. ಆದ್ರ ಇಷ್ಟ ಪ್ರೀತಿಲೆ ಕರದ್ರ ಒಲ್ಲೆ ಅನ್ನೂದ ಹ್ಯಾಂಗ?"

ಒಳಗೆ ಓಡಿ ನೋಡಿದೆ. ಕ್ವೆರಿಯ ನಡುವೆ, ನನ್ನ ನೆನಪಿಗೆಂದು, ಎರಡು ಅಡ್ಡಗೆರೆ ಹಾಕಿ "ಹೋಳಿಗೆಯವರಿಗೆ ಮಾತ್ರ" ಎಂದು ಟಿಪ್ಪಣಿ ಬರೆದಿದ್ದೆ. ಆ ಗೆರೆಗಳಿಂದ ಸಾಲಿನ ಕೊನೆಯವರೆಗೆ ಏನಿದ್ದರೂ ಡೇಟಾಬೇಸ್ ಓದುವುದಿಲ್ಲ. ಮೊದಲು ಷರತ್ತು ಮುಂದಿನ ಸಾಲಿನಲ್ಲಿತ್ತು; ನಾನೋ ಎಲ್ಲವನ್ನೂ ಒಂದೇ ಸಾಲು ಮಾಡಿದ್ದೆ! ಹೋಳಿಗೆಯವರನ್ನು ಆರಿಸುವ ಷರತ್ತು ಟಿಪ್ಪಣಿಯ ಬಾಲವಾಗಿ ಹೋಗಿತ್ತು.

ಸುಮಂಗಲಾ ನನ್ನನ್ನು ನೋಡಿದಳು, ಜನರನ್ನು ನೋಡಿದಳು, ಸೆರಗು ಸಿಕ್ಕಿಸಿದಳು.

"ಕುಂಡ್ರಿ ಎಲ್ಲಾರೂ. ಹೇಳಿದವರದು ಮೊದಲ ಕಟ್ಟತೇನಿ. ಉಳಿದವರಿಗೆ ಬಿಸೀದು ಮಾಡ್ತೇನಿ."

ಬಂದ ಹೆಂಗಸರೇ ಲಟ್ಟಣಿಗೆ ಹಿಡಿದರು. ಕಾಕಾ ಚಹಾಕ್ಕೆ ನೀರಿಟ್ಟರು. ಹುಣ್ಣಿಮೆ ಒಂದು ದಿನ ಮೊದಲೇ ನಮ್ಮ ಮನೆಗೆ ಬಂದಿತು.

"ಮೆಸೇಜ್ ಯಾರ ಕಳಿಸಿದ್ರವಾ?" ಎಂದರು ಕಾಕಾ.

"ನಮ್ಮ ಮನಿಯವರು. ಇಂಜಿನಿಯರ್ ಅದಾರ್ರಿ."

ನನ್ನ ಎದೆ ಉಬ್ಬಿತು.

"ಅವರನ್ನ ಅಡಗಿಮನ್ಯಾಗಂತೂ ಬಿಟ್ಟಗೋಬ್ಯಾಡವಾ!"

ಈ ಅವಮಾನ ಸಹಿಸಲಾರದೆ ಹೂರಣ ರುಬ್ಬಲು ನಾನೇ ಮುಂದಾದೆ. ಮಿಕ್ಸರಿಗೆ ಮುಚ್ಚಳವೆಂಬುದೊಂದು ಇರುತ್ತದೆಂದು ನೆನಪಾದದ್ದು, ಹೂರಣ ಫ್ಯಾನಿಗೆ ಅಂಟಿದ ಮೇಲೆ!