ಮೋಡದಲ್ಲಿ ಹಾಜರಾತಿ

ಮೋಡದೊಳಗೆ ಮಂಜುಗಡ್ಡೆ ಇದೆ ಎಂಬುದನ್ನು ಮೇಘಹಿಮ ಕಣ ಪರಿಶೀಲನಾ ಮಂಡಳಿಯು ತಾತ್ವಿಕವಾಗಿ ಒಪ್ಪಿಕೊಂಡು ಹನ್ನೊಂದು ವರ್ಷಗಳಾದವು. ಅದನ್ನು ಕಣ್ಣಾರೆ ನೋಡುವ ಕೆಲಸವೊಂದು ಬಾಕಿ ಇತ್ತು. ವಿಮಾನಪುರದ ಈ ಮಂಡಳಿಗೆ ಸ್ವಂತ ಕಟ್ಟಡ, ಸ್ವಂತ ಲಾಂಛನ, ಸ್ವಂತ ಕ್ಯಾಂಟೀನು, ಎರಡು ಎಂಜಿನ್ನಿನ ಒಂದು ಪುಟ್ಟ ವಿಮಾನ ಎಲ್ಲವೂ ಇವೆ. ಮೋಡಗಳಿಗೆ ಮಾತ್ರ ಹೊರಗಿನವರನ್ನು ನೆಚ್ಚಿಕೊಳ್ಳಬೇಕು.

ವಿಮಾನದ ಎಡರೆಕ್ಕೆಯ ಕೆಳಗೆ ಎರಡು ಕೊಂಬುಳ್ಳ ಒಂದು ಉಪಕರಣ ಕಟ್ಟಿದ್ದಾರೆ. ಒಂದು ಕೊಂಬಿನ ತುದಿಯಿಂದ ಇನ್ನೊಂದಕ್ಕೆ ಬೆಳಕು ಹಾಯುತ್ತದೆ. ವಿಮಾನ ಮೋಡಕ್ಕೆ ನುಗ್ಗಿದಾಗ ನಡುವೆ ಹಾದುಹೋಗುವ ಹಿಮದ ಹರಳು, ಧೂಳು, ಹೊಗೆಯ ಕಣ ಯಾವುದಿದ್ದರೂ ಅದರ ನೆರಳು ಚಿತ್ರವಾಗುತ್ತದೆ. ಕೊಂಬಿನ ತುದಿಗಳಲ್ಲಿ ರೂಪಾಯಿ ನಾಣ್ಯದಗಲದ ಎರಡು ಗಾಜುಗಳಿವೆ. ಆ ಎರಡು ಗಾಜನ್ನು ಒರೆಸುವುದೇ ಹುಸೇನಪ್ಪನ ಉದ್ಯೋಗ.

ಹುಸೇನಪ್ಪ ರಾಯಚೂರು ಕಡೆಯವನು. ಹೊರಗುತ್ತಿಗೆಯಲ್ಲಿ ಸೇರಿ ನಾಲ್ಕು ವರ್ಷ ಆಗಿತ್ತು. ಹೆಂಡತಿ ಜಟ್ಟೆಮ್ಮ, ಮಗಳು ಕಾವೇರಿಯ ಜೊತೆ ಅಲ್ಲೇ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದ. ಊರಿನಲ್ಲಿ ಎತ್ತಿನ ಕೊಂಬು ಸವರಿ ಮೈತೊಳೆದ ಕೈ. ಈ ಕೊಂಬನ್ನೂ ಅಷ್ಟೇ ಅಕ್ಕರೆಯಿಂದ ಒರೆಸುತ್ತಿದ್ದ. ಗುತ್ತಿಗೆ ದೀಪಾವಳಿಗೆ ಮುಗಿಯುವುದಿತ್ತು. ಅದು ಮುಂದುವರಿಯಬೇಕಾದರೆ ‘ಗಾಜಿನ ಬಗ್ಗೆ ಯಾವುದೇ ದೂರಿಲ್ಲ’ ಎಂಬ ಪತ್ರ ಬೇಕು. ಪತ್ರ ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಬೇಕು, ಕಾವೇರಿ ಆರನೇ ಕ್ಲಾಸನ್ನು ಅರ್ಧಕ್ಕೇ ಬಿಡಬೇಕು. ಅವನಿಗೆ ನಿದ್ದೆಯಲ್ಲೂ ಕಾಡುತ್ತಿದ್ದುದು ಇದೊಂದೇ ಭಯ.

ಆಯುಧಪೂಜೆಯ ದಿನ ನಿರ್ದೇಶಕರಾದ ಪ್ರೇಮ್‌ಕುಮಾರ್ ಬೆನ್ಸನ್ ಟೌನಿನಿಂದ ಪಂಚೆ ಉಟ್ಟು ಬಂದರು. ಎಂಜಿನ್ನುಗಳಿಗೆ ಬಾಳೆಕಂದು ಕಟ್ಟಿಸಿದರು, ಗಾಲಿಗಳಿಗೆ ನಿಂಬೆಹಣ್ಣು ಇಡಿಸಿದರು, ಬೂದುಗುಂಬಳ ಒಡೆಸಿದರು. ಆಮೇಲೆ ಭಕ್ತಿ ಉಕ್ಕಿಬಂದು, ನೆನೆಸಿದ ಕುಂಕುಮದಲ್ಲಿ ಉಂಗುರದ ಬೆರಳು ಅದ್ದಿ, ಉಪಕರಣದ ಕೊಂಬಿನ ತುದಿಗೆ ಒತ್ತಿ ಒಂದು ಬೊಟ್ಟು ಇಟ್ಟರು.

"ಸರ್, ಬೊಟ್ಟು ಗಾಜಿನ ಮ್ಯಾಲೆ ಬಿದ್ದೈತ್ರಿ. ಒರಸಿಬಿಡ್ಲೇನ್ರಿ?" ಎಂದ ಹುಸೇನಪ್ಪ.

"ಪೂಜೆ ಮಾಡಿ ಇಟ್ಟಿದ್ದನ್ನ ಒರೆಸ್ತಾರೇನಪ್ಪಾ? ಅದು ತಾನಾಗೇ ಉದುರ್ಬೇಕು."

"ನಾಳೆ ಫ್ಲೈಟ್ ಐತ್ರಿ ಸರ್."

"ಅದಕ್ಕೇ ಅಲ್ವಾ ಇಟ್ಟಿರೋದು!"

ಹಾರಾಟಕ್ಕೆ ಮುಂಚೆ ಗಾಜು ಸ್ವಚ್ಛವಾಗಿದೆಯೇ ಎಂಬ ನಮೂನೆಗೆ ಹುಸೇನಪ್ಪ ರುಜು ಹಾಕಬೇಕು. ಅವನು ತಲೆ ಕೆರೆದುಕೊಂಡು ‘ಸ್ವಚ್ಛ. ಪೂಜೆ ಆಗಿದೆ’ ಎಂದು ಬರೆದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದ ಈ ಬರಹ ಎಲ್ಲ ಮೇಜುಗಳನ್ನೂ ಸಲೀಸಾಗಿ ದಾಟಿತು.

ಮರುದಿನ ವಿಮಾನ ಹಲಸೂರು ಕೆರೆಯ ನೆತ್ತಿಯಿಂದ ಕೆ.ಆರ್. ಪುರದವರೆಗೆ ಮೋಡವನ್ನು ಸೀಳಿ ಬಂತು. ನಾಲ್ಕು ಲಕ್ಷ ಚಿತ್ರ ಸಿಕ್ಕವು. ನಾಲ್ಕು ಲಕ್ಷದಲ್ಲೂ ಒಂದೇ ಕಣ: ದುಂಡಗೆ, ಒಳಗೆಲ್ಲ ಸುತ್ತು ಸುತ್ತಾದ ಗೆರೆಗಳು. ಇಂಥ ಹಿಮ ಯಾವ ದೇಶದ ಪುಸ್ತಕದಲ್ಲೂ ಇರಲಿಲ್ಲ. ನಿರ್ದೇಶಕರು ಅದಕ್ಕೆ ‘ಸುರುಳಿಹಿಮ’ ಎಂದು ಹೆಸರಿಟ್ಟು ಸಂಜೆಯೊಳಗೆ ಪ್ರಕಟಣೆ ಹೊರಡಿಸಿದರು.

‘ಸುರುಳಿಹಿಮವು ನಗರದ ಪೂರ್ವಭಾಗದ ಮೋಡಗಳಲ್ಲಿ ಹೇರಳವಾಗಿದ್ದು ಸಾರ್ವಜನಿಕರು ಗಾಬರಿಯಾಗಬೇಕಿಲ್ಲ. ವಿಮಾನವು ಶೆಡ್ಡಿನಲ್ಲಿ ನಿಂತಿದ್ದಾಗಲೂ ಸದರಿ ಕಣವು ಕಂಡುಬಂದಿರುವುದರಿಂದ, ಮೋಡವಿಲ್ಲದ ದಿನಗಳಲ್ಲೂ ಅಧ್ಯಯನಕ್ಕೆ ತೊಂದರೆಯಾಗುವುದಿಲ್ಲ ಎಂದು ತಿಳಿಸಲು ಮಂಡಳಿಯು ಹರ್ಷಿಸುತ್ತದೆ.’

ಮಂಡಳಿಯಲ್ಲಿ ಹರ್ಷಿಸದೆ ಉಳಿದವಳು ವಿಜ್ಞಾನಿ ರಮ್ಯಶ್ರೀ ಒಬ್ಬಳೇ. ಕೆ.ಆರ್. ಪುರದ ಹಳೇ ಮನೆತನದ ಹುಡುಗಿ. ಮೂರು ವರ್ಷದಿಂದ ಒಂದೇ ಒಂದು ಹಿಮದ ಹರಳಿಗಾಗಿ ಕಾದವಳು. ಅವಳು ಶೆಡ್ಡಿಗೆ ಬಂದು ಕೊಂಬಿನ ತುದಿಯನ್ನು ದಿಟ್ಟಿಸಿ ನೋಡಿದಳು.

"ಹುಸೇನಪ್ಪ, ಇದು ಕುಂಕುಮ ಅಲ್ವಾ?"

"ಹೌದ್ರಿ ಅಕ್ಕಾರ. ಸಾಹೇಬ್ರು ಇಟ್ಟಿದ್ರಿ."

"ಇವತ್ತಲ್ಲ ನಾಳೆ ಯಾರಾದ್ರೂ ಕೇಳ್ತಾರೆ. ಆಗ ಸಾಹೇಬ್ರ ಹೆಸರು ಬರಲ್ಲ. ಗಾಜು ಒರೆಸೋನು ಯಾರು ಅಂತ ಬರುತ್ತೆ."

ಒರೆಸಿದರೆ ಸಾಹೇಬರ ಸಿಟ್ಟು, ಒರೆಸದಿದ್ದರೆ ಗಾಜಿನ ದೂರು. ಅತ್ತ ದರಿ, ಇತ್ತ ಪುಲಿ. ಹುಸೇನಪ್ಪ ಮನೆಗೆ ಹೋಗಿ ಜಟ್ಟೆಮ್ಮನಿಗೆ ಹೇಳಿದ. ಜಟ್ಟೆಮ್ಮ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು.

"ನಿಮ್ಮ ಕೆಲಸ ಏನ್ರಿ? ಒರಸೂದು. ಒರಸಿ ಬರ್ರಿ. ಕೆಲಸ ಮಾಡಿ ಕೆಲಸ ಹೋದ್ರ ಹೋಗ್ಲಿ. ಮಾಡಲಾರದ ಹೋದ್ರ ಮಗಳ ಮುಂದ ಏನಂತ ಹೇಳ್ತೀರಿ?"

ಬೆಳಿಗ್ಗೆ ಹುಸೇನಪ್ಪ ಗಾಜಿಗೊಂದು ಕೈ ಮುಗಿದು, ಬೊಟ್ಟನ್ನು ಒರೆಸಿದ. ಆವತ್ತಿನ ಹಾರಾಟ ಮುಗಿದ ಮೇಲೆ ರಮ್ಯಶ್ರೀ ಅವನನ್ನು ಕೂಗಿ ಕರೆದಳು. ಪರದೆಯ ತುಂಬ ಆರಾರು ಎಸಳಿನ ನಕ್ಷತ್ರಗಳು. ಒಂದರಂತೆ ಇನ್ನೊಂದಿಲ್ಲ.

"ಇದೇ ಹುಸೇನಪ್ಪ. ಮೋಡದೊಳಗಿನ ಐಸು."

ಹುಸೇನಪ್ಪ ಆಕಾಶದಿಂದ ಬಿದ್ದ ಮಂಜುಗಡ್ಡೆ ಅಂತ ಕಂಡಿದ್ದು ಆಣೆಕಲ್ಲು ಮಾತ್ರ. ಅದೂ ಬೆಳೆಗೆ ಬಡಿದು ಹೋಗಿತ್ತು.

"ಜಟ್ಟೆಮ್ಮ ಬಾಗಿಲ ಮುಂದ ಹಾಕೋ ರಂಗೋಲಿ ಇದ್ದಂಗ ಐತಲ್ರಿ! ನಾ ಒರಸಿದ್ದಕ್ಕ ಕಾಣಿಸ್ತೇನ್ರಿ ಇದು?"

"ನೀವು ಒರೆಸಿದ್ದಕ್ಕೇ."

ಅವನಿಗೆ ಅಷ್ಟು ಖುಷಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ರಮ್ಯಶ್ರೀ ಒಂದು ನಕ್ಷತ್ರವನ್ನು ಹಾಳೆಗೆ ತೆಗೆದು ಕಾವೇರಿಗೆಂದು ಕೊಟ್ಟಳು.

ಸುರುಳಿಹಿಮ ಕಾಣೆಯಾಗಿರುವ ಬಗ್ಗೆ ಮಂಡಳಿ ಮರುದಿನವೇ ತುರ್ತು ಸಭೆ ಕರೆಯಿತು. ಹುಸೇನಪ್ಪನನ್ನು ಬಾಗಿಲ ಬಳಿ ನಿಲ್ಲಿಸಿದರು.

"ಒರೆಸಿದ್ದು ನೀನೇನಾ?" ಎಂದರು ನಿರ್ದೇಶಕರು.

"ಹೌದ್ರಿ ಸರ್. ನಾನಽ ಒರಸೀನ್ರಿ."

"ಸರ್, ಅದು ಹಿಮ ಅಲ್ಲ," ಎಂದು ರಮ್ಯಶ್ರೀ ಎದ್ದು ನಿಂತಳು. "ನಿಮ್ಮ ಬೆರಳಿನ ಗುರುತು. ಬೇಕಾದ್ರೆ ಹಾಜರಾತಿ ಮಷಿನ್ನಿಗೆ ತೋರಿಸಿ ನೋಡೋಣ."

ಹಾಜರಾತಿ ಯಂತ್ರದ ಹೊಣೆ ಕಚೇರಿ ಸೂಪರಿಂಟೆಂಡೆಂಟ್ ಬಿಲ್ಕೀಸ್ ಅವರದು. ನಿರ್ದೇಶಕರ ತೋರುಬೆರಳನ್ನು ಯಂತ್ರ ಮೂರು ಸಲ ತಳ್ಳಿಹಾಕಿದ್ದರಿಂದ ಉಂಗುರದ ಬೆರಳನ್ನು ಸೇರಿಸಿದವರೂ ಅವರೇ. "ಅರೆ, ಅದಕ್ಕೇನಂತೆ, ನೋಡೇಬಿಡೋಣ," ಎಂದು ಯಂತ್ರವನ್ನು ಗೋಡೆಯಿಂದ ಕಿತ್ತು ತಂದು, ಸುರುಳಿಹಿಮದ ಚಿತ್ರವನ್ನು ಅದಕ್ಕೆ ಒತ್ತಿದರು. ಯಂತ್ರ ಹಸಿರು ದೀಪ ಹಚ್ಚಿ, "ಪ್ರೇಮ್‌ಕುಮಾರ್, ನಿರ್ದೇಶಕರು, ಹಾಜರು," ಎಂದಿತು.

ಸಭೆ ಮೂಗಿನ ಮೇಲೆ ಬೆರಳಿಟ್ಟಿತು. ನಿರ್ದೇಶಕರು ನೀರು ಕುಡಿದರು, ಕನ್ನಡಕ ಒರೆಸಿದರು, ಸ್ವಲ್ಪ ಹೊತ್ತು ಕಿಟಕಿಯಾಚೆಗಿನ ಮೋಡವನ್ನು ನೋಡಿದರು.

"ಬಿಲ್ಕೀಸ್ ಅವ್ರೇ, ಯಂತ್ರ ಸರ್ಕಾರದ್ದು ತಾನೇ?"

"ಹೌದು ಸರ್. ಮೊಹರು ಇದೆ."

"ಅದು ಹಾಜರು ಅಂದ್ಮೇಲೆ ಹಾಜರು. ಬರ್ಕೊಳ್ಳಿ."

ಬಿಲ್ಕೀಸ್ ಬರೆದುಕೊಂಡರು. ಸದರಿ ದಿನ ನಿರ್ದೇಶಕರು ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ, ಮೋಡದೊಳಗೆ, ನಾಲ್ಕು ಲಕ್ಷ ಬಾರಿ ಕರ್ತವ್ಯಕ್ಕೆ ಹಾಜರಿದ್ದರು ಎಂಬುದು ಸಾಬೀತಾಗಿದೆ. ಇನ್ನು ಎರಡನೇ ಹಾರಾಟದಲ್ಲಿ ಕಂಡ ನಕ್ಷತ್ರಗಳನ್ನೂ ನ್ಯಾಯವಾಗಿ ಯಂತ್ರಕ್ಕೆ ಒತ್ತಿ ನೋಡಲಾಗಿ, ಒಂದೂ ಸಿಬ್ಬಂದಿಯೊಂದಿಗೆ ತಾಳೆಯಾಗಲಿಲ್ಲ. ಆದ್ದರಿಂದ ಅವು ಅನಧಿಕೃತ; ಮೋಡಕ್ಕೆ ಅವುಗಳ ಪ್ರವೇಶದ ಬಗ್ಗೆ ಭದ್ರತಾ ವಿಭಾಗವು ವಿಚಾರಿಸತಕ್ಕದ್ದು.

"ಸರ್, ಅದೇ ಸರ್ ಐಸು!" ಎಂದಳು ರಮ್ಯಶ್ರೀ.

"ಇರ್ಬಹುದಮ್ಮಾ. ಆದ್ರೆ ಐಡಿ ಇಲ್ವಲ್ಲ."

ಉಳಿದದ್ದು ಹುಸೇನಪ್ಪನ ವಿಷಯ. ಅವನ ಕಣ್ಣ ಮುಂದೆ ಕಾವೇರಿಯ ಶಾಲೆಯ ಚೀಲವೊಂದೇ ಇತ್ತು. ಅವನು ಒರೆಸಿದ್ದರಿಂದ ನಿರ್ದೇಶಕರು ಒಂದು ದಿನ ಮೋಡಕ್ಕೆ ಗೈರುಹಾಜರಾದದ್ದು ಘೋರ ಅಪರಾಧವೆಂದು ಸಭೆ ಒಪ್ಪಿತು. ಆದರೆ ಅವನನ್ನು ತೆಗೆದರೆ ಹೊಸಬ ಬರುತ್ತಾನೆ. ಹೊಸಬನಿಗೆ ಎಲ್ಲಿ ಒರೆಸಬೇಕೆಂದೇ ತಿಳಿಯದು, ಇನ್ನು ಎಲ್ಲಿ ಒರೆಸಬಾರದೆಂದು ಹೇಗೆ ತಿಳಿದೀತು? ಒರೆಸುವುದು ದಿನಕ್ಕೆ ಐದು ನಿಮಿಷದ ಕೆಲಸ. ಒರೆಸದಿರುವುದೋ ದಿನವಿಡೀ ಮಾಡಬೇಕಾದ್ದು. ಇಂಥ ಪೂರ್ಣಾವಧಿಯ ಕೆಲಸವನ್ನು ಗುತ್ತಿಗೆಯವನ ಕೈಗೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಹೀಗಾಗಿ ಹುಸೇನಪ್ಪನನ್ನು ‘ಒರೆಸದಿರುವ ಸಹಾಯಕ’ ಎಂಬ ಕಾಯಂ ಹುದ್ದೆಗೆ ನೇಮಿಸಿ ಆದೇಶವಾಯಿತು.

ಆದೇಶ ಹಿಡಿದು ಮನೆಗೆ ಹೋದಾಗ ಜಟ್ಟೆಮ್ಮ ಅತ್ತಳು, ನಕ್ಕಳು, ಮಗಳಿಗೆ ಸಕ್ಕರೆ ಕೊಟ್ಟಳು. ಆಮೇಲೆ ಕೇಳಿದಳು: "ಹಂಗಂದ್ರ ಇನ್ನ ಮ್ಯಾಲ ನೀವು ಏನು ಮಾಡೂದ್ರಿ?"

"ಏನೂ ಮಾಡೂ ಹಂಗಿಲ್ಲ. ಮಾಡಿದ್ರ ಕೆಲಸ ಹೋಗ್ತೈತಿ."

ಈಗ ನಿರ್ದೇಶಕರು ಕಚೇರಿಗೆ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದು ಬೊಟ್ಟಿಟ್ಟು ಹೋಗುತ್ತಾರೆ. ವಾರವೆಲ್ಲ ಮೋಡದಲ್ಲಿ ಹಾಜರಿರುತ್ತಾರೆ. ಅವರಿಗೆ ಸಂದ ನಿಯಮ ಉಳಿದವರಿಗೂ ಸಲ್ಲಬೇಕೆಂದು ನೌಕರರ ಸಂಘ ಕೇಳಿತು, ಸಂದಿತು. ಸೋಮವಾರ ವಿಮಾನದ ಎಡರೆಕ್ಕೆಯ ಕೆಳಗೆ ಸಾಲು ನಿಲ್ಲುತ್ತದೆ. ಬಿಲ್ಕೀಸ್ ಮಾತ್ರ ಕುಂಕುಮದ ಬದಲು ಪುಲಿಕೇಶಿನಗರದಿಂದ ಸ್ಟಾಂಪ್ ಪ್ಯಾಡ್ ತರುತ್ತಾರೆ. ಮಂಡಳಿಯಲ್ಲಿ ಯಾರ ನಂಬಿಕೆಗೂ ಒತ್ತಾಯವಿಲ್ಲ. ಹುಸೇನಪ್ಪ ಮಡಚಿದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕೂತು, ಒಬ್ಬರ ಗುರುತಿನ ಮೇಲೆ ಇನ್ನೊಬ್ಬರದು ಬೀಳದಂತೆ ನೋಡಿಕೊಳ್ಳುತ್ತಾನೆ.

ರಮ್ಯಶ್ರೀ ಏಳು ವಾರ ಸಾಲಿಗೆ ಬರಲಿಲ್ಲ. ದಿನವೂ ಮಹಡಿಯ ಮೇಲೆ ಒಬ್ಬಳೇ ಕೂತು ಕೆಲಸ ಮಾಡಿದಳು. ಮೋಡದಲ್ಲಿ ಕಾಣಿಸಿಕೊಳ್ಳದ ಕಾರಣ ಏಳು ವಾರವೂ ಗೈರುಹಾಜರಿ ಬಿತ್ತು. ಎಂಟನೇ ಸೋಮವಾರ ಎಲ್ಲರೂ ಹೋದ ಮೇಲೆ ಅವಳು ಶೆಡ್ಡಿಗೆ ಬಂದು ರೆಕ್ಕೆಯ ಕೆಳಗೆ ನಿಂತಳು. ಉಂಗುರದ ಬೆರಳು ಕುಂಕುಮದಿಂದ ಕೆಂಪಾಗಿತ್ತು.

ಹುಸೇನಪ್ಪನಿಗೆ ಸಂಕಟವಾಯಿತು. ಬಟ್ಟೆಯ ಮೇಲೆ ಕೈ ಬಿಗಿಯಾಯಿತು, ಸಡಿಲವಾಯಿತು. ಅವನ ಕೋಣೆಯ ಗೋಡೆಯ ಮೇಲೆ ಅನಧಿಕೃತ ನಕ್ಷತ್ರ ಇನ್ನೂ ಅಂಟಿತ್ತು. ಅದರ ಕೆಳಗೆ ಕೂತು ಕಾವೇರಿ ಓದುತ್ತಿದ್ದಳು. ಅವನು ಸ್ಟೂಲಿನಿಂದ ಎದ್ದು, ಕೊಂಬಿನ ತುದಿಯನ್ನು ಅತ್ತಿತ್ತ ನೋಡಿ, ಬೆರಳಿಟ್ಟು ತೋರಿಸಿದ.

"ಇಲ್ಲಿ ಇಡ್ರಿ ಅಕ್ಕಾರ. ಒಂದು ಬೊಟ್ಟಿನಷ್ಟು ಜಾಗ ಉಳಿಸಿಟ್ಟೀನ್ರಿ."

ಅವಳು ಇಟ್ಟಳು. ವಿಮಾನ ಮೇಲೇರಿ ಮೋಡದಲ್ಲಿ ಮರೆಯಾಯಿತು. ಮಂಡಳಿಯ ಇತಿಹಾಸದಲ್ಲಿ ಹಾಜರಾತಿ ನೂರಕ್ಕೆ ನೂರಾದದ್ದು ಆ ದಿನವೇ.